ಹನ್ನೆರಡು ಬಟನ್ನಿನ ಮೌಸ್

ಶಿವಾರಪಟ್ಟಣದ ಶಿಲ್ಪಿಯೊಬ್ಬರ ಮಗಳು ಗಂಗಾಲಕ್ಷ್ಮಿ. ಅಪ್ಪ ಕೆತ್ತುವ ವಿಗ್ರಹಗಳನ್ನು ಮೊದಲು ತನ್ನ ಲಿನಕ್ಸ್ ಕಂಪ್ಯೂಟರಿನಲ್ಲಿ ರೂಪಿಸುವವಳು ಅವಳೇ. ಅಪ್ಪನಿಗೆ ಒಂದೊಂದು ಕೆಲಸಕ್ಕೆ ಒಂದೊಂದು ಉಳಿ ಇರುವಂತೆ ತನಗೂ ಇರಲೆಂದು ಹನ್ನೆರಡು ಬಟನ್ನಿನ ಗೇಮಿಂಗ್ ಮೌಸ್ ತರಿಸಿದಳು. ಎಲ್ಲ ಕಂಪ್ಯೂಟರಿಗೂ ಆಗುತ್ತದೆಂದು ಡಬ್ಬಿಯ ಮೇಲಿದ್ದುದನ್ನು ನಂಬಿದ್ದೇ ತಪ್ಪಾಯಿತು. ಬಟನ್ನುಗಳಿಗೆ ಕೆಲಸ ಒಪ್ಪಿಸುವ ಸಾಫ್ಟ್‌ವೇರ್ ವಿಂಡೋಸಿಗೆ ಮಾತ್ರ ಇತ್ತು.

ಕಂಪನಿಗೆ ಫೋನ್ ಮಾಡಿದರೆ ಆ ಕಡೆಯವನು, "ಲಿನಕ್ಸ್‌ಗೆ ನಮ್ಮ ಸಪೋರ್ಟ್ ಇಲ್ಲ ಮೇಡಂ, ಕಂಪ್ಯೂಟರ್ ಬದಲಾಯಿಸ್ಕೊಳ್ಳಿ" ಎಂದ.

ಗಂಗಾಲಕ್ಷ್ಮಿಗೆ ಮೈಯೆಲ್ಲ ಉರಿಯಿತು. "ನಮ್ಮಪ್ಪ ಕೆತ್ತಿದ ದೇವರು ಯಾವ ಊರಿಗೆ ಹೋದ್ರೂ, ಅವರೇ ಹಿಂದಿಂದ ಹೋಗಿ ಕಣ್ಣು ತೆರೆಸಿ ಬರ್ತಾರೆ ಕಣ್ರೀ. ನಿಮ್ಮ ಗುಡಿ ಬದಲಾಯಿಸ್ಕೊಳ್ಳಿ ಅಂತ ಯಾರಿಗೂ ಅಂದಿಲ್ಲ!"