ದೊಡ್ಡ ಮೋಟರ್ ಸೈಕಲ್ಲಿನ ಹಿಂದಿನ ಸೀಟು

ಗೆಳೆಯರೇ, ಗಾಡಿ ಓಡಿಸುವ ಪಕ್ಕಾ ಲೈಸೆನ್ಸ್ ಬಂದದ್ದರಿಂದ ಇವತ್ತು ದಾವಣಗೆರೆಯ ಅಂಗಡಿಯಲ್ಲಿ ದೊಡ್ಡ ಮೋಟರ್ ಸೈಕಲ್ ಒಂದನ್ನು ಆರಿಸಿದೆ. ಜೊತೆಗಿದ್ದ ಹೆಂಡತಿ ಸೀರೆ ಸರಿಪಡಿಸಿಕೊಂಡು ಹಿಂದಿನ ಸೀಟಿನಲ್ಲಿ ಒಂದೇ ಮಗ್ಗುಲಾಗಿ ಕೂರಲು ನೋಡಿದಳು. ಸೀಟು ಅವಳಿಗೆ ಎತ್ತರವಾಯಿತು.

“ನಮ್ಮ ಚಿಕ್ಕ ಗಾಡೀನೇ ಇರಲಿ ಬಿಡ್ರಿ. ಇದನ್ನ ಹತ್ತಾಕೆ ಹೋದಲ್ಲೆಲ್ಲ ಸ್ಟೂಲ್ ಹೊತ್ಕೊಂಡು ಬರ್ತೀರೇನು?” ಎಂದಳು.

ಅಂಗಡಿಯ ಸಾಹುಕಾರರು, “ಮನಿ ಮುಂದ ಜಗಲಿಕಟ್ಟೆ ಇಲ್ಲೇನವ್ವ? ಅದರ ಮ್ಯಾಲೆ ನಿಂತು ಹತ್ತು” ಎಂದರು.

“ನಮ್ಮನಿಗೆ ಐತ್ರಿ. ಹೋದ ಊರಾಗ ಏನ್ ಮಾಡ್ಲಿ?”

“ಕಟ್ಟೆ ಇರೋ ಮನಿಗೇ ಹೋಗವ್ವ.”

ಅವಳು ಸ್ವಲ್ಪ ಯೋಚಿಸಿ, “ಹಂಗಾದ್ರೆ ತಗೊಳ್ರಿ. ಮಾಯಕೊಂಡದಾಗ ನಮ್ಮಪ್ಪನ ಮನಿಗೆ ಕಟ್ಟೆ ಐತೆ” ಎಂದಳು.

ಗಾಡಿಯೇನೋ ನಾನು ಬಯಸಿದ್ದೇ ಬಂತು. ಅಂಗಡಿಯ ಮೆಟ್ಟಿಲಿನಿಂದ ಹತ್ತಿ ಕೂತವಳು, ಹರಿಹರದ ನನ್ನ ಅಕ್ಕನ ಮನೆಗೆ ಕಟ್ಟೆ ಇಲ್ಲವೆಂಬುದನ್ನು ದಾರಿಯಲ್ಲೇ ನೆನಪಿಸಿದಳು.