ರಷ್ಯಾದವನು ವಾಪಸ್ ಹೋಗುವುದು ಯಾವಾಗ

ಆ ಭಾನುವಾರ ಬೆಳಿಗ್ಗೆ ನನ್ನ ಬ್ಯಾಗಿನಲ್ಲಿ ನಮ್ಮೂರು ಮೈಸೂರಿಗೆ ವರ್ಗವಾದ ಆದೇಶವಿತ್ತು. ಕೊಚ್ಚಿಯಲ್ಲಿ ಮಗಳು ಹುಟ್ಟಿದಾಗಿನಿಂದ ಪ್ರತಿ ವರ್ಷ ಅರ್ಜಿ ಹಾಕಿ ಹಾಕಿ ಕೊನೆಗೂ ಸಿಕ್ಕಿದ್ದು. ಹದಿನಾಲ್ಕು ವರ್ಷದ ಅವಳಿಗೆ ಹೇಳಲು ಮಾತ್ರ ಬಾಯಿ ಬರುತ್ತಿರಲಿಲ್ಲ. “ಅರ್ಜಿ ಹಾಕ್ದೋರು ನೀವು, ನೀವೇ ಹೇಳಿ” ಎಂದು ಹೆಂಡತಿ ಕೈತೊಳೆದುಕೊಂಡಿದ್ದಳು.

ವಾರವೆಲ್ಲ ನಾನು ತಿರುವನಂತಪುರದಲ್ಲಿ, ಪಟ್ಟಂನ ಕೇಂದ್ರ ಸರ್ಕಾರಿ ಕಚೇರಿಯಲ್ಲಿ. ಕೊಚ್ಚಿಯ ಕಲೂರಿನ ಮನೆಗೆ ಬರುವುದು ಶನಿವಾರ ಸಂಜೆಯ ರೈಲಿಗೆ. ಭಾನುವಾರ ಬೆಳಿಗ್ಗೆ ಮಗಳು ಲ್ಯಾಪ್‌ಟಾಪಿನಲ್ಲಿ ಅಮೆರಿಕ, ಕೆನಡಾ ತಂಡಗಳ ಐಸ್ ಹಾಕಿ ನೋಡುತ್ತಾಳೆ. ಬೆವರು ಸುರಿಯುವ ಊರಿನಲ್ಲಿ ಈ ಹುಚ್ಚು ಎಲ್ಲಿಂದ ಅಂಟಿತೋ! ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡುವ ಹುಡುಗಿಯ ಪಕ್ಕ ಕೂರಲು ನನಗಿದ್ದ ನೆಪ ಅದೊಂದೇ.

ಅವಳ ಮೆಚ್ಚಿನ ಗೋಲ್‌ಕೀಪರ್ ರಷ್ಯಾದವನು. ಆಟಕ್ಕೆ ಮುಂಚೆ ಕೆನಡಾದ ರಾಷ್ಟ್ರಗೀತೆ ಹಾಡಿದರು, ಅಮೆರಿಕದ್ದೂ ಹಾಡಿದರು. ಎರಡಕ್ಕೂ ಅವನು ಸುಮ್ಮನೆ ನಿಂತಿದ್ದ.

“ಇವನ ದೇಶದ್ದು ಯಾವಾಗ ಹಾಡ್ತಾರೆ?”

“ಅದೆಂತಿನಾ ಅಪ್ಪಾ?” ಅದೇಕೆ ಎಂದು ಅವಳಿಗೇ ಆಶ್ಚರ್ಯ.

“ಮತ್ತೆ ಇವನ ಡೆಪ್ಯುಟೇಶನ್ ಎಷ್ಟು ವರ್ಷ? ವಾಪಸ್ ಯಾವಾಗ ಕಳಿಸ್ತಾರೆ?”

ಅವಳು ಬಿದ್ದು ಬಿದ್ದು ನಕ್ಕಳು. ನಾನು ನಿಜವಾಗಿಯೂ ಹಾಗೇ ತಿಳಿದಿದ್ದೆ. ಸರ್ಕಾರಿ ನೌಕರನ ತಲೆಗೆ ಬೇರೇನು ಹೊಳೆಯಬೇಕು?

ಆಮೇಲೆ ಅರ್ಧ ಇಂಗ್ಲಿಷ್, ಅರ್ಧ ಮಲಯಾಳದಲ್ಲಿ ಪಾಠ ಮಾಡಿದಳು. ಇವು ದೇಶದ ತಂಡಗಳಲ್ಲ, ಸಂಬಳ ಕೊಟ್ಟು ಯಾವ ದೇಶದವರನ್ನಾದರೂ ಆಡಿಸುವ ಕ್ಲಬ್ಬುಗಳಂತೆ. ಸೋವಿಯತ್ ಕಾಲದಲ್ಲಿ ಸರ್ಕಾರ ರಷ್ಯಾದ ಆಟಗಾರರನ್ನು ಹೊರಗೆ ಬಿಡುತ್ತಲೇ ಇರಲಿಲ್ಲವಂತೆ. ಮೊದಮೊದಲು ಅಮೆರಿಕ, ಕೆನಡಾಗಳಿಗೆ ಬಂದವರಲ್ಲಿ ಅನೇಕರು ವಯಸ್ಸಾದ ಆಟಗಾರರು. ಗಟ್ಟಿಯಾಗಿ ನಿಲ್ಲುತ್ತಾರೋ ಇಲ್ಲವೋ ಎಂದು ಅಲ್ಲಿನವರಿಗೆ ಅನುಮಾನ. ಈಗ ರಷ್ಯಾದವರು ನಾಯಕರೂ ಆಗಿದ್ದಾರೆ, ಗೋಲಿನ ದಾಖಲೆಗಳೂ ಅವರ ಹೆಸರಲ್ಲಿವೆ. ಆದರೆ ಯುದ್ಧ ಶುರುವಾದ ಮೇಲೆ ವಿಶ್ವ ಚಾಂಪಿಯನ್‌ಶಿಪ್ಪಿಗೆ ಅವರ ದೇಶದ ತಂಡವನ್ನು ಸೇರಿಸುತ್ತಿಲ್ಲ.

ನನಗೆ ತಲೆಬುಡ ತಿಳಿಯಲಿಲ್ಲ. ಹಾಗಾದರೆ ಅವನು ಎಲ್ಲಿಯವನು? ಗೋಲು ತಡೆದಾಗ ಹಿಗ್ಗುವವರು ಯಾರು? ಅವನಿಗೆ ಊರಿನ ನೆನಪಾಗುವುದಿಲ್ಲವೇ? ಅರ್ಜಿ ಹಾಕಬೇಕೆನಿಸುವುದಿಲ್ಲವೇ? ಇಷ್ಟಕ್ಕೂ ನನಗೇಕೆ ಅವನ ಮೇಲೆ ಸಿಟ್ಟು ಬಂತೋ, ಅದೂ ಗೊತ್ತಿಲ್ಲ. ಆ ಸಿಟ್ಟಿನಲ್ಲೇ ಆದೇಶ ತೆಗೆದು ಅವಳ ಮುಂದಿಟ್ಟೆ.

“ಜೂನ್‌ನಲ್ಲಿ ನಾವೆಲ್ಲ ವಾಪಸ್ ಹೋಗ್ತಿದ್ದೀವಿ ಮಗಳೇ.”

ಅವಳು ಆಟವನ್ನು ನಿಲ್ಲಿಸಿದಳು. ಹಾಳೆಯನ್ನು ಎರಡು ಸಲ ಓದಿದಳು. ನನಗೆ ಸರಿಯಾಗಿ ಅರ್ಥವಾಗಲಿ ಎಂದೋ ಏನೋ, ಅಪರೂಪಕ್ಕೆ ಕನ್ನಡದಲ್ಲೇ ನಿಧಾನವಾಗಿ ಹೇಳಿದಳು:

“ವಾಪಸ್ ಹೋಗೋದು ನೀನು, ಅಪ್ಪಾ. ನಾನು ಅಲ್ಲಿಂದ ಬಂದೇ ಇಲ್ವಲ್ಲ.”