ಒಡ್ಡಿನ ಬೋರ್ಡು

ಹಸಿ ಪೇಂಟಿನ ವಾಸನೆ ನನಗೆ ಆಗುವುದಿಲ್ಲ, ತಲೆ ಹಿಡಿದುಕೊಳ್ಳುತ್ತದೆ. ಆದರೂ ಈ ಬೆಳಿಗ್ಗೆ, ರಿಪ್ಪನ್‌ಪೇಟೆಯಿಂದ ಬಂದ ಪೇಂಟರ್ ನಮ್ಮ ಹಳ್ಳದ ಹೊಸ ಸಿಮೆಂಟ್ ಒಡ್ಡಿನ ಪಕ್ಕ ಬೋರ್ಡು ಬರೆಯುವುದನ್ನು ನೋಡುತ್ತ ನಿಂತೆ. ಬರೆಯುತ್ತಿದ್ದದ್ದು ನನ್ನದೇ ವಾಕ್ಯ: 'ಹಿಂದೆ ಪ್ರತಿ ವರ್ಷ ಊರೆಲ್ಲ ಒಂದಾಗಿ ಇಲ್ಲಿ ಮಣ್ಣಿನ ಒಡ್ಡು ಕಟ್ಟುತ್ತಿತ್ತು.' ಶಾಲೆಯ ಸ್ಮರಣ ಸಂಚಿಕೆಗೆಂದು ನಾನು ಬರೆದ ಊರಿನ ಚರಿತ್ರೆಯಿಂದ ಆರಿಸಿದ್ದು. ಮೊದಲು ಹೆಮ್ಮೆಯೇ ಆಯಿತು, ಸುಳ್ಳೇಕೆ ಹೇಳಲಿ.

ಆ ಒಡ್ಡೆಂದರೆ ಇಷ್ಟೇ: ಮಳೆ ನಿಂತ ಮೇಲೆ, ಬೇಸಿಗೆ ಬೆಳೆಗೆ ನೀರು ನಿಲ್ಲಿಸಲು, ಹಳ್ಳಕ್ಕೆ ಅಡ್ಡಲಾಗಿ ಗೂಟ ಹೊಡೆದು, ಸೊಪ್ಪು ತುಂಬಿ, ಮಣ್ಣು ಮೆತ್ತುವುದು. ಮನೆಗೊಬ್ಬರು ಬರಬೇಕೆಂಬುದು ಕಟ್ಟಳೆ. ನಮ್ಮ ಮನೆಯಿಂದ ಹೋಗುತ್ತಿದ್ದದ್ದು ಅವಲಕ್ಕಿಯ ಬುಟ್ಟಿ. ಜೊತೆಗೆ, ಅದನ್ನು ತಿನ್ನಲು ನಾನು.

ಸಂಚಿಕೆಯ ಸುದ್ದಿ ಕೇಳಿ ಕೆಳಮನೆಯ ಗಿಡ್ಡಮ್ಮ ಬಂದಿದ್ದಳು. ಒಂದು ಕಾಲಕ್ಕೆ ನಮ್ಮ ಗೇಣಿಯ ಒಕ್ಕಲು, ಮಕ್ಕಳಿಲ್ಲದ ವಿಧವೆ. ಅಂಗಳದಲ್ಲಿ ನಿಂತಿದ್ದಳು ಎಂದು ಬರೆಯಹೊರಟೆ. ಜಗಲಿಯಲ್ಲಿ ಕೂತಿದ್ದಳೋ ಏನೋ. ನೆನಪು ಅವಳನ್ನು ತನಗೆ ಬೇಕಾದಲ್ಲಿ ನಿಲ್ಲಿಸಿಕೊಳ್ಳುತ್ತಿದೆ, ನಂಬಬೇಡಿ. ಮಾತು ಮಾತ್ರ ನೆನಪಿದೆ.

"ಊರಿನ ಕತೆ ಬರೀತೀರಂತೆ ಸಣ್ಣಯ್ಯ? ಒಡ್ಡು ಕಟ್ಟೋ ದಿನ ನಿಮ್ಮ ಕಾಲು ಒದ್ದೆಯಾಗಿದ್ದು ನಾ ಕಾಣ್ಲಿಲ್ಲಪ್ಪ."

ನಾನು ನಕ್ಕೆ. ಅವಳು ನಗಲಿಲ್ಲ.

"ಆ ವರ್ಷ ಅಕಾಲದ ಮಳೆ ಬಂದು ಒಡ್ಡು ಒಡೆದಾಗ ನೀರಿಗಿಳಿದಿದ್ದು ನಮ್ಮನೆಯೋರು ಒಬ್ರೇ. ಉಳ್ದೋರೆಲ್ಲ ದಡದ ಮೇಲೆ ನಿಂತು 'ಹಿಡ್ಕಳಾ, ಬಿಡಬ್ಯಾಡ' ಅಂತಿದ್ರು. ಹೆಣ ಮೂರನೇ ದಿನ ಸಿಕ್ತು. ಅವ್ರ ಹೆಸ್ರು ಹಾಕಿ."

ಗಂಡನ ಹೆಸರನ್ನು ಅವಳು ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ. ರೇಷನ್ ಕಾರ್ಡಿನವರು ಕೇಳಿದಾಗಲೂ ಪಕ್ಕದ ಮನೆಯವರ ಕೈಲಿ ಹೇಳಿಸಿದ್ದಳಂತೆ. ಅಂದು ಸೆರಗನ್ನು ಬಾಯಿಗೆ ಹಿಡಿದು, ಆಮೇಲೆ ತೆಗೆದು, ಗಟ್ಟಿಯಾಗಿ ಆ ಹೆಸರು ಹೇಳಿದಳು. "ಬರ್ಕಳಿ" ಅಂದಳು. ಪೆನ್ನು ನನ್ನ ಕೈಯಲ್ಲೇ ಇತ್ತು.

ಸಂಭ್ರಮದ ಸಂಚಿಕೆಯಲ್ಲಿ ಹೆಣವೇಕೆ ಅನ್ನಿಸಿತು. 'ಊರೆಲ್ಲ ಒಂದಾಗಿ' ಎಂದು ಬರೆದೆ. ವಾಕ್ಯ ಚೆನ್ನಾಗಿ ಕೂತಿತು. ಗಿಡ್ಡಮ್ಮ ಹೋದ ಮಳೆಗಾಲದಲ್ಲಿ ತೀರಿಕೊಂಡಳು. ಸಂಚಿಕೆಯನ್ನು ಅವಳಿಗೆ ಯಾರಾದರೂ ಓದಿ ಹೇಳಿದರೋ ಇಲ್ಲವೋ, ವಿಚಾರಿಸುವ ಧೈರ್ಯ ನನಗೆ ಬಂದಿಲ್ಲ.

"ಸರ್, ತಪ್ಪಿದ್ರೆ ಈಗ್ಲೇ ಹೇಳಿ," ಪೇಂಟರ್ ಕರೆದ. "ಒಣಗಿದ್ಮೇಲೆ ಕಷ್ಟ."

"ತಪ್ಪಿದೆ. 'ಊರೆಲ್ಲ ಒಂದಾಗಿ' ಅನ್ನೋದನ್ನ ಒರೆಸಪ್ಪ. ಅಲ್ಲಿ ಒಬ್ಬರ ಹೆಸರು ಬರಬೇಕು."

ಅವನು ಒರೆಸಿ, ಬ್ರಶ್ ಅದ್ದಿಕೊಂಡು ಕಾದ. ನನ್ನ ಬಾಯಿಗೆ ಹೆಸರು ಬರಲಿಲ್ಲ. ಅಣ್ಣನಿಗೆ ಫೋನ್ ಮಾಡಿದೆ.

"ಗಿಡ್ಡಮ್ಮನ ಗಂಡನಾ? 'ಏ ಕೆಳಮನೆ' ಅಂತಲೇ ಕರೀತಿದ್ವಲ್ಲ ಮಾರಾಯ. ಹೆಸ್ರು ಎಂಥದೋ ಇತ್ತು. ನಿಂಗ್ಯಾಕೀಗ?"

ಬ್ರಶ್ಶಿನಿಂದ ಬಣ್ಣ ತೊಟ್ಟಿಕ್ಕಿ ಸಿಮೆಂಟಿನ ಮೇಲೆ ಬಿತ್ತು. ಒರೆಸಿದ ಜಾಗವನ್ನು ಪೇಂಟರ್ ಗೇಣಿನಲ್ಲಿ ಅಳೆದು ನೋಡಿದ.

"ಇಷ್ಟು ಜಾಗ ಸಾಕಾ ಸರ್?"

ಎಷ್ಟು ಉದ್ದದ ಹೆಸರೆಂಬುದೂ ನನಗೆ ಗೊತ್ತಿರಲಿಲ್ಲ.